ಮುಧೋಳ ನಾಯಿ: ತಳಿ ಕೆಡದಂತೆ ಮರಿ ಮಾಡಿಸುವ ಕ್ರಮ

ಒಳ್ಳೆಯ ಬೆಳೆಗೆ ಒಳ್ಳೆಯ ಬೀಜ, ಒಳ್ಳೆಯ ಕರುವಿಗೆ ಒಳ್ಳೆಯ ಹೋರಿ ಬೇಕೆಂಬುದು ನಮ್ಮ ರೈತರಿಗೆ ಹೊಸ ಮಾತಲ್ಲ. ಬಿತ್ತನೆ ಬೀಜವನ್ನು ಆರಿಸಿ, ಒಣಗಿಸಿ, ಬೇರೆಯಾಗಿ ಕಟ್ಟಿಡುವ ರೈತನೇ ಮನೆಯ ನಾಯಿ ಬೆದೆಗೆ ಬಂದಾಗ ಮಾತ್ರ ಹತ್ತಿರದಲ್ಲಿ ಸಿಕ್ಕಿದ ಗಂಡನ್ನು ಕೂಡಿಸಿ ಸುಮ್ಮನಾಗುತ್ತಾನೆ. ಹುಟ್ಟಿದ ಮರಿಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಸೊರಗುತ್ತವೆ, ಉಳಿದವು ಯಾರದೋ ಕೈಸೇರುತ್ತವೆ. ಇದು ಹೀಗೇ ನಾಲ್ಕಾರು ತಲೆಮಾರು ನಡೆದರೆ ತಳಿಯ ಹೆಸರು ಉಳಿದು ಗುಣ ಹೋಗುತ್ತದೆ.

ಈ ಮಾತು ಎಲ್ಲ ನಾಯಿಗಳಿಗೂ ಅನ್ವಯಿಸುತ್ತದೆ. ಆದರೆ ನಮ್ಮ ನಾಡಿನ ಮುಧೋಳ ನಾಯಿಯ ವಿಷಯದಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ಈ ತಳಿಯನ್ನು ಉಳಿಸಿಕೊಂಡು ಬಂದವರು ಬಹುಮಟ್ಟಿಗೆ ಹಳ್ಳಿಯ ರೈತರು ಮತ್ತು ಕೂಲಿಕಾರರು. ಮರಿಗಳ ಮಾರಾಟದಿಂದ ಅವರಿಗೆ ಅಷ್ಟಿಷ್ಟು ಆದಾಯವೂ ಇದೆ. ತಳಿ ಕೆಟ್ಟರೆ ಮೊದಲು ನಷ್ಟವಾಗುವುದು ಅವರಿಗೇ. ಆದುದರಿಂದ ಜೋಡಿ ಆರಿಸುವುದರಿಂದ ಹಿಡಿದು ಮರಿ ಕೊಡುವವರೆಗೆ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ತಳಿಯ ಪರಿಚಯ

ಬಾಗಲಕೋಟೆ ಜಿಲ್ಲೆಯ ಮುಧೋಳ ಮತ್ತು ಸುತ್ತಲಿನ ಸೀಮೆ ಈ ನಾಯಿಯ ನೆಲೆ. ಹಿಂದಿನ ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಈ ಬೇಟೆನಾಯಿಗಳಲ್ಲಿ ಆಸಕ್ತಿ ತಳೆದು ಆರಿಸಿ ಬೆಳೆಸಿದ್ದರಿಂದ ತಳಿಗೆ ಮುಧೋಳದ ಹೆಸರು ನಿಂತಿತು. ಮಹಾರಾಷ್ಟ್ರದ ಕಡೆ ಇದನ್ನು ಕಾರವಾನಿ ಎನ್ನುವರು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ಹೊರಡಿಸಿದಾಗ ಅವುಗಳಲ್ಲಿ ಮುಧೋಳವೂ ಒಂದಾಗಿತ್ತು. 2016ರಲ್ಲಿ ಮುಧೋಳದ ಮರಿಗಳನ್ನು ಭೂಸೇನೆಯವರು ಮೀರತ್ತಿಗೆ ಒಯ್ದು ತರಬೇತಿಗೆ ತೆಗೆದುಕೊಂಡರು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ.

ಉದ್ದನೆಯ ಕಿರಿದಾದ ತಲೆ, ಬಲವಾದ ಉದ್ದ ದವಡೆ, ತಲೆಗೆ ಅಂಟಿದಂತೆ ಇಳಿಬಿದ್ದ ಕಿವಿ, ಆಳವಾದ ಎದೆ, ಮೇಲಕ್ಕೆ ಸೆಳೆದ ಹೊಟ್ಟೆ, ಉದ್ದ ಕಾಲು, ತುದಿಗೆ ಸಣ್ಣಗಾಗುವ ಬಾಲ, ಗಿಡ್ಡ ನಯವಾದ ಕೂದಲು ಇವು ಈ ತಳಿಯ ಮುಖ್ಯ ಲಕ್ಷಣಗಳು. ವಾಸನೆಗಿಂತ ಕಣ್ಣಿನ ನೋಟವನ್ನು ನಂಬಿ ಓಡುವ ನಾಯಿ ಇದು. ಹಿಂದೆ ಇದನ್ನು ಮೊಲದ ಬೇಟೆಗೆ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ನಾಯಿಯಿಂದ ಮೊಲ ಹಿಡಿಸುವುದು ಅಪರಾಧ. ಓಟದ ಪರೀಕ್ಷೆಯನ್ನು ಬೆಳೆ ತೆಗೆದ ಹೊಲದಲ್ಲಿ ಬಟ್ಟೆಯ ಗಂಟನ್ನು ಎಳೆದು ಮಾಡಬಹುದು.

ಮರಿ ಮಾಡಿಸುವ ಮುನ್ನ

ಹೆಣ್ಣುನಾಯಿ ಬೆದೆಗೆ ಬಂದಿತೆಂಬ ಒಂದೇ ಕಾರಣಕ್ಕೆ ಕೂಡಿಸಬಾರದು. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಹೆಣ್ಣು ತನ್ನ ತಳಿಯ ಒಳ್ಳೆಯ ಮಾದರಿಯೇ? ಇದಕ್ಕೆ ರಕ್ತಸಂಬಂಧವಿಲ್ಲದ, ಆರೋಗ್ಯವಂತ ಗಂಡು ಸಿಕ್ಕಿದೆಯೇ? ಹುಟ್ಟಲಿರುವ ಐದಾರು ಮರಿಗಳನ್ನು ಎರಡು ತಿಂಗಳು ಸಾಕುವ ಶಕ್ತಿಯೂ, ನಂತರ ಕೊಡಲು ಮನೆಗಳೂ ಇವೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಮಾತ್ರ ಮುಂದುವರಿಯಬಹುದು. ಒಂದಕ್ಕೆ ಇಲ್ಲವೆಂದರೂ ಆ ಬೆದೆಯನ್ನು ಬಿಡುವುದೇ ಲಾಭ.

ವಯಸ್ಸು: ಹೆಣ್ಣುನಾಯಿ 6ರಿಂದ 12 ತಿಂಗಳಲ್ಲಿ ಮೊದಲ ಬೆದೆಗೆ ಬರುವುದು ಸಾಮಾನ್ಯ. ಎತ್ತರದ ತಳಿಗಳಲ್ಲಿ ಇದು ಒಂದು ವರ್ಷ ದಾಟಲೂಬಹುದು. ಮೊದಲ ಬೆದೆಯಲ್ಲಿ ಎಲುಬು ಇನ್ನೂ ಬೆಳೆಯುತ್ತಿರುತ್ತದೆ, ಮರಿ ಸಾಕುವ ಬುದ್ಧಿಯೂ ಬಂದಿರುವುದಿಲ್ಲ. ಕೇಂದ್ರ ಸರ್ಕಾರದ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳಂತೆ 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಬೇಡ. ಜೀವಮಾನದಲ್ಲಿ ಐದು ಸೂಲು ಮೀರಬಾರದು. ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಗಂಡನ್ನೂ ಒಂದೂವರೆ ವರ್ಷವಾದ ಮೇಲೆ ಬಳಸುವುದು ಒಳ್ಳೆಯದು. ಅಷ್ಟರೊಳಗೆ ಅದರ ಗುಣದೋಷಗಳು ಕಣ್ಣಿಗೆ ಕಾಣುತ್ತವೆ.

ಆರೋಗ್ಯ: ಕೂಡಿಸುವ ಒಂದು ತಿಂಗಳ ಮೊದಲೇ ಎರಡೂ ನಾಯಿಗಳನ್ನು ಪಶುವೈದ್ಯರಿಗೆ ತೋರಿಸಬೇಕು. ರೇಬೀಸ್, ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆಗಳು ಆಗಿರಬೇಕು. ಜಂತು, ಉಣ್ಣೆ, ಚಿಗಟಗಳ ನಿವಾರಣೆ ಮುಗಿದಿರಬೇಕು. ಕೂಡುವಿಕೆಯಿಂದ ಹರಡುವ ಎರಡು ರೋಗಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ.

ಮೊದಲನೆಯದು ಜನನಾಂಗದ ಗಂತಿ. ಹೂಕೋಸಿನಂತೆ ಮಾಂಸ ಬೆಳೆದು ಆಗಾಗ ರಕ್ತ ತೊಟ್ಟಿಕ್ಕುತ್ತದೆ. ಬೀದಿನಾಯಿಗಳಲ್ಲಿ ಇದು ನಮ್ಮಲ್ಲಿ ಬಹಳ. ಬೆದೆಯಲ್ಲದ ಕಾಲದಲ್ಲಿ ಹೆಣ್ಣಿಗೆ ರಕ್ತ ಕಂಡರೆ, ಅಥವಾ ಗಂಡಿನ ಶಿಶ್ನದ ತುದಿಯಲ್ಲಿ ರಕ್ತ ಕಂಡರೆ ಕೂಡಿಸದೆ ವೈದ್ಯರಿಗೆ ತೋರಿಸಬೇಕು. ವಾರಕ್ಕೊಂದರಂತೆ ಕೊಡುವ ಕೆಲವು ಚುಚ್ಚುಮದ್ದುಗಳಿಂದ ಇದು ಸಾಮಾನ್ಯವಾಗಿ ವಾಸಿಯಾಗುತ್ತದೆ. ಎರಡನೆಯದು ಬ್ರೂಸೆಲ್ಲಾ ರೋಗ. ಇದರಲ್ಲಿ ನಾಯಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ; ಆದರೆ ಗರ್ಭದ ಏಳನೆಯ ಎಂಟನೆಯ ವಾರದಲ್ಲಿ ಕಂದು ಹಾಕುತ್ತದೆ, ಗಂಡಿನ ವೃಷಣ ಊದುತ್ತದೆ ಅಥವಾ ಸೊರಗುತ್ತದೆ. ಇದು ಮನುಷ್ಯರಿಗೂ ತಗಲಬಲ್ಲದು. ರಕ್ತ ಪರೀಕ್ಷೆಯಿಂದ ಇದನ್ನು ಕಂಡುಹಿಡಿಯಬಹುದು. ಕಂದು ಹಾಕಿದ ಮರಿಗಳನ್ನು ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಕೂಡಿಸಬಾರದ ನಾಯಿಗಳು: ಆರು ತಿಂಗಳಾದರೂ ಒಂದು ವೃಷಣ ಇಳಿಯದ ಗಂಡು, ಮೇಲ್ದವಡೆ ಕೆಳದವಡೆ ಹೊಂದದ ನಾಯಿ, ಕಾರಣವಿಲ್ಲದೆ ಕಚ್ಚುವ ಅಥವಾ ಸಣ್ಣ ಸದ್ದಿಗೂ ನಡುಗಿ ಮೂಲೆ ಸೇರುವ ನಾಯಿ, ಸೆಳವು ಬರುವ ನಾಯಿ, ಹಿಂದಿನ ಸೂಲಿನಲ್ಲಿ ಸೀಳಂಗುಳದ ಮರಿಗಳನ್ನು ಕೊಟ್ಟ ಜೋಡಿ. ಇವುಗಳನ್ನು ಮನೆಯಲ್ಲಿ ಪ್ರೀತಿಯಿಂದ ಸಾಕಿರಿ, ಸಂತಾನ ಮಾತ್ರ ಬೇಡ.

ರಕ್ತಸಂಬಂಧದ ಲೆಕ್ಕ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಇದೆ. ತಳಿಶಾಸ್ತ್ರದ ಪ್ರಕಾರ ಇದು ಅರ್ಧ ಸತ್ಯ. ಮರಿಗೆ ಅರ್ಧ ಗುಣ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಪ್ರತಿಯೊಂದು ಗುಣಕ್ಕೂ ನಾಯಿಯಲ್ಲಿ ಎರಡು ಪ್ರತಿಗಳಿರುತ್ತವೆ. ಒಂದು ಪ್ರತಿ ದೋಷಯುಕ್ತವಾಗಿದ್ದು ಇನ್ನೊಂದು ಸರಿಯಾಗಿದ್ದರೆ, ಅನೇಕ ದೋಷಗಳು ಹೊರಗೆ ಕಾಣುವುದೇ ಇಲ್ಲ. ಆ ದೋಷ ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಇರುತ್ತದೆ. ಎರಡೂ ಪ್ರತಿಗಳು ದೋಷದವೇ ಆಗಿ ಕೂಡಿದ ಮರಿಯಲ್ಲಿ ಮಾತ್ರ ಅದು ಹೊರಬೀಳುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ನೋಡಲು ಬಹು ಸುಂದರವಾದ ಒಂದು ಗಂಡಿನಲ್ಲಿ ಇಂಥ ಒಂದು ಹುದುಗಿದ ದೋಷವಿದೆಯೆಂದು ಇಟ್ಟುಕೊಳ್ಳೋಣ. ದೋಷವಿಲ್ಲದ, ಸಂಬಂಧವಿಲ್ಲದ ಹೆಣ್ಣಿನೊಡನೆ ಕೂಡಿಸಿದರೆ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಆ ದೋಷ ಒಳಗೇ ಹೋಗುತ್ತದೆ, ಒಂದು ಮರಿಯಲ್ಲಿಯೂ ಹೊರಗೆ ಕಾಣುವುದಿಲ್ಲ. ಯಜಮಾನ ಸಂತೋಷಪಡುತ್ತಾನೆ. ಎರಡು ವರ್ಷಗಳ ನಂತರ ಅದೇ ಗಂಡನ್ನು ಅದರ ಮಗಳಿಗೇ ಕೂಡಿಸುತ್ತಾನೆ. ಆ ಮಗಳು ದೋಷವನ್ನು ಹೊತ್ತಿದ್ದರೆ ಹುಟ್ಟುವ ನಾಲ್ಕು ಮರಿಗಳಲ್ಲಿ ಸರಾಸರಿ ಒಂದರಲ್ಲಿ ದೋಷ ಹೊರಬೀಳುತ್ತದೆ. ಆಗ ಯಜಮಾನ ದೃಷ್ಟಿ ತಗಲಿತೆನ್ನುತ್ತಾನೆ, ಇಲ್ಲವೆ ಹೆಣ್ಣು ಸರಿಯಿಲ್ಲವೆನ್ನುತ್ತಾನೆ. ನಿಜವಾದ ಕಾರಣ ಜೋಡಿಯ ಆಯ್ಕೆ.

ಒಂದೇ ಮೂಲದ ಗುಣ ತಂದೆ ತಾಯಿ ಎರಡೂ ಕಡೆಯಿಂದ ಬಂದು ಮರಿಯಲ್ಲಿ ಸೇರುವ ಸಾಧ್ಯತೆಯನ್ನು ಶೇಕಡಾ ಲೆಕ್ಕದಲ್ಲಿ ಹೀಗೆ ಹೇಳಬಹುದು.

ತಂದೆ ಮತ್ತು ಮಗಳು, ತಾಯಿ ಮತ್ತು ಮಗ: ಶೇ. 25
ಒಡಹುಟ್ಟಿದ ಅಣ್ಣ ತಂಗಿ: ಶೇ. 25
ತಂದೆ ಒಂದೇ, ತಾಯಿ ಬೇರೆ ಆದ ಮರಿಗಳು: ಶೇ. 12.5
ಅಜ್ಜ ಮತ್ತು ಮೊಮ್ಮಗಳು: ಶೇ. 12.5
ಅಣ್ಣ ತಮ್ಮಂದಿರ ಅಥವಾ ಅಕ್ಕ ತಂಗಿಯರ ಮಕ್ಕಳು: ಶೇ. 6.25

ಇದು ಒಂದು ತಲೆಮಾರಿನ ಲೆಕ್ಕ. ಹಿಂದಿನ ತಲೆಮಾರುಗಳಲ್ಲಿಯೂ ಹೀಗೆಯೇ ನಡೆದಿದ್ದರೆ ಈ ಅಂಕಿಗಳು ಮತ್ತಷ್ಟು ಏರುತ್ತವೆ. ಸಂಬಂಧ ಹತ್ತಿರವಾದಂತೆಲ್ಲ ಸೂಲಿನ ಮರಿಗಳ ಸಂಖ್ಯೆ ಇಳಿಯುವುದು, ಹುಟ್ಟಿದ ವಾರದಲ್ಲಿ ಸಾಯುವ ಮರಿಗಳು ಹೆಚ್ಚುವುದು, ಹೆಣ್ಣು ಗರ್ಭ ಕಟ್ಟದಿರುವುದು, ರೋಗನಿರೋಧಕ ಶಕ್ತಿ ಕುಗ್ಗುವುದು ಕಂಡುಬರುತ್ತವೆ. ತಳಿ ಶುದ್ಧವಾಗಿರಲೆಂದು ಅಣ್ಣ ತಂಗಿಯರನ್ನೇ ಕೂಡಿಸುವವರಿದ್ದಾರೆ. ಶುದ್ಧತೆಗೆ ಬೇಕಾದುದು ಎರಡೂ ನಾಯಿಗಳು ಮುಧೋಳ ತಳಿಯವಾಗಿರುವುದು. ಅವು ಒಂದೇ ಮನೆಯವಾಗಿರುವುದಲ್ಲ.

ಇನ್ನೊಂದು ಅಪಾಯ ಮೇಲ್ನೋಟಕ್ಕೆ ಕಾಣುವುದಿಲ್ಲ. ಊರಿನಲ್ಲಿ ಒಂದು ಗಂಡು ಪ್ರದರ್ಶನದಲ್ಲಿ ಬಹುಮಾನ ಪಡೆಯಿತೆನ್ನಿ. ಎಲ್ಲರೂ ತಮ್ಮ ಹೆಣ್ಣುಗಳನ್ನು ಅದಕ್ಕೇ ತರುತ್ತಾರೆ. ವರ್ಷದಲ್ಲಿ ಹತ್ತು ಸೂಲು, ಸೂಲಿಗೆ ಆರು ಮರಿಯೆಂದರೆ ಅರವತ್ತು ಮರಿಗಳು ಒಂದೇ ತಂದೆಯವು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಸೀಮೆಯಲ್ಲಿ ಸಂಬಂಧವಿಲ್ಲದ ಜೋಡಿ ಹುಡುಕುವುದೇ ಕಷ್ಟವಾಗುತ್ತದೆ. ಆದುದರಿಂದ ಒಂದು ಗಂಡು ಎಷ್ಟೇ ಚೆನ್ನಾಗಿರಲಿ, ಒಂದು ಊರಿನಲ್ಲಿ ಅದಕ್ಕೆ ವರ್ಷಕ್ಕೆ ಎರಡು ಮೂರು ಹೆಣ್ಣುಗಳಿಗಿಂತ ಹೆಚ್ಚು ಬೇಡ. ನಾಲ್ಕೈದು ಬೇರೆ ಬೇರೆ ಮೂಲದ ಗಂಡುಗಳು ಬಳಕೆಯಲ್ಲಿರಲಿ. ಹತ್ತಿಪ್ಪತ್ತು ಮೈಲಿ ಆಚೆಯ ಊರಿನ ಗಂಡನ್ನು ತರುವ ಅಥವಾ ಹೆಣ್ಣನ್ನು ಅಲ್ಲಿಗೆ ಒಯ್ಯುವ ಖರ್ಚು ವ್ಯರ್ಥವಲ್ಲ.

ಗ್ರೇಹೌಂಡ್ ಮುಂತಾದ ಹೊರತಳಿಗಳ ಮಿಶ್ರಣದ ಬಗ್ಗೆಯೂ ಒಂದು ಮಾತು. ಮೊದಲ ತಲೆಮಾರಿನ ಮಿಶ್ರ ಮರಿಗಳು ಓಟದಲ್ಲಿ ಮುಂದಿರಬಹುದು. ಆದರೆ ಅವುಗಳ ಮರಿಗಳಲ್ಲಿ ಗುಣಗಳು ಚದುರಿ ಒಂದೊಂದು ಒಂದೊಂದು ಬಗೆಯಾಗುತ್ತದೆ. ನಮ್ಮ ಬಿಸಿಲು, ನಮ್ಮ ಕರಿನೆಲ, ನಮ್ಮ ಊಟಕ್ಕೆ ಹೊಂದಿಕೊಂಡು ಬಂದ ಗುಣ ಮರಳಿ ಸಿಗುವುದು ಕಷ್ಟ. ಮಿಶ್ರ ಮರಿಯನ್ನು ಮುಧೋಳವೆಂದು ಮಾರುವುದು ಕೊಳ್ಳುವವನಿಗೆ ಮೋಸ, ತಳಿಗೆ ದ್ರೋಹ.

ಬೆದೆಯ ಲಕ್ಷಣಗಳು

ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆಯು ಸುಮಾರು ಮೂರು ವಾರ ಇರುತ್ತದೆ. ಇದರಲ್ಲಿ ಎರಡು ಹಂತಗಳನ್ನು ಗುರುತಿಸಬೇಕು.

ಮೊದಲ ಹಂತದಲ್ಲಿ ಯೋನಿಯು ಊದಿ ಕೆಂಪು ರಕ್ತಮಿಶ್ರ ಸ್ರಾವ ಬರುತ್ತದೆ. ಗಂಡುಗಳು ಸುತ್ತುತ್ತವೆ, ಆದರೆ ಹೆಣ್ಣು ಗುರುಗುಟ್ಟಿ ಓಡಿಸುತ್ತದೆ ಅಥವಾ ಕುಳಿತುಬಿಡುತ್ತದೆ. ಇದು ಸುಮಾರು 9 ದಿನ. ಎರಡನೆಯ ಹಂತದಲ್ಲಿ ಸ್ರಾವ ತಿಳಿಯಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಯೋನಿಯ ಊತ ಮೆತ್ತಗಾಗುತ್ತದೆ. ಸೊಂಟದ ಮೇಲೆ ಕೈಯಿಟ್ಟರೆ ಹೆಣ್ಣು ಅಲುಗದೆ ನಿಂತು ಬಾಲವನ್ನು ಪಕ್ಕಕ್ಕೆ ಸರಿಸುತ್ತದೆ. ಇದೂ ಸುಮಾರು 9 ದಿನ. ಕೂಡಿಸಲು ಯೋಗ್ಯ ಕಾಲ ಈ ಎರಡನೆಯ ಹಂತ.

ರಕ್ತ ಕಂಡ ಮೊದಲ ದಿನದಿಂದ ಎಣಿಸಿ 10ರಿಂದ 14ನೆಯ ದಿನದೊಳಗೆ ಕೂಡಿಸುವುದು ರೂಢಿ. ಆದರೆ ಕೆಲವು ಹೆಣ್ಣುಗಳಲ್ಲಿ ಇದು ಏಳನೆಯ ದಿನಕ್ಕೇ ಬರಬಹುದು, ಕೆಲವುಗಳಲ್ಲಿ 18 ದಿನ ದಾಟಬಹುದು. ಆದುದರಿಂದ ದಿನದ ಲೆಕ್ಕಕ್ಕಿಂತ ನಾಯಿಯ ನಡತೆಯನ್ನು ಹೆಚ್ಚು ನಂಬಬೇಕು. ಹಿಂದೆ ಗರ್ಭ ಕಟ್ಟದಿದ್ದ ಹೆಣ್ಣಿಗೆ ಪಶುವೈದ್ಯರಿಂದ ಯೋನಿಸ್ರಾವದ ಸೂಕ್ಷ್ಮದರ್ಶಕ ಪರೀಕ್ಷೆ ಅಥವಾ ರಕ್ತದ ಹಾರ್ಮೋನು ಪರೀಕ್ಷೆ ಮಾಡಿಸಿದರೆ ಸರಿಯಾದ ದಿನ ತಿಳಿಯುತ್ತದೆ.

ಕೂಡಿಸುವ ಕ್ರಮ

ಹೆಣ್ಣನ್ನು ಗಂಡಿನ ಮನೆಗೆ ಒಯ್ಯುವುದು ವಾಡಿಕೆ. ಹೊಸ ಜಾಗದಲ್ಲಿ ಗಂಡು ಅಂಜುವುದುಂಟು. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಒಳ್ಳೆಯದು. ಅದಕ್ಕೆ ಮುಂಚೆ ಹೊಟ್ಟೆ ತುಂಬ ಉಣಿಸಬಾರದು. ಜನ, ಮಕ್ಕಳು, ಬೇರೆ ನಾಯಿಗಳು ಹತ್ತಿರವಿರಬಾರದು. ಮೊದಲು ಎರಡನ್ನೂ ಹಗ್ಗದಲ್ಲಿ ಹಿಡಿದು ಮೂಸಲು ಬಿಟ್ಟು, ಜಗಳವಿಲ್ಲವೆಂದು ತಿಳಿದ ಮೇಲೆ ಸಡಿಲಿಸಬೇಕು. ಹೆಣ್ಣು ಒಪ್ಪದಿದ್ದರೆ ಬಲವಂತ ಬೇಡ. ದಿನ ಇನ್ನೂ ಬಂದಿಲ್ಲವೆಂದು ತಿಳಿದು ಎರಡು ದಿನ ಬಿಟ್ಟು ನೋಡಬೇಕು.

ಗಂಡು ಹತ್ತಿದ ಮೇಲೆ ಶಿಶ್ನದ ಬುಡದ ಗಂಟು ಊದಿ ಎರಡೂ ನಾಯಿಗಳು ಬೆಸೆದುಕೊಳ್ಳುತ್ತವೆ. ಗಂಡು ತಿರುಗಿ ಬೆನ್ನಿಗೆ ಬೆನ್ನು ಮಾಡಿ ನಿಲ್ಲುತ್ತದೆ. ಇದು 5ರಿಂದ 30 ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರಬಹುದು. ಇದು ಸಹಜ ಕ್ರಿಯೆ. ಈ ಸಮಯದಲ್ಲಿ ಎಳೆಯುವುದು, ಹೊಡೆಯುವುದು, ನೀರು ಎರಚುವುದು ಮಾಡಿದರೆ ಎರಡಕ್ಕೂ ಗಾಯವಾಗುತ್ತದೆ. ಹೆಣ್ಣು ಮಲಗದಂತೆ, ಎಳೆದಾಡದಂತೆ ತಲೆಯ ಬಳಿ ಮೆಲ್ಲಗೆ ಹಿಡಿದುಕೊಂಡರೆ ಸಾಕು. ತಾವಾಗಿಯೇ ಬಿಡುತ್ತವೆ.

ಒಂದು ದಿನ ಬಿಟ್ಟು ಮತ್ತೊಮ್ಮೆ ಅದೇ ಗಂಡಿಗೆ ಕೂಡಿಸಬೇಕು. ಗಂಡಿನ ಬೀಜಾಣುಗಳು ಹೆಣ್ಣಿನ ದೇಹದಲ್ಲಿ ಐದಾರು ದಿನ ಬದುಕಿರಬಲ್ಲವು. ಹೆಣ್ಣಿನ ಅಂಡಗಳು ಬಿಡುಗಡೆಯಾದ ಮೇಲೆ ಎರಡು ಮೂರು ದಿನಗಳ ನಂತರವೇ ಫಲಿಸಲು ಸಿದ್ಧವಾಗುತ್ತವೆ. ಆದುದರಿಂದ ಎರಡು ಸಲ ಸಾಕು; ದಿನವೂ ಕೂಡಿಸುವುದರಿಂದ ಲಾಭವಿಲ್ಲ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ: ಕೂಡಿಸಿದ ಕೂಡಲೇ ಹೆಣ್ಣಿನ ಬೆದೆ ಮುಗಿಯುವುದಿಲ್ಲ. ಆರಿಸಿದ ಗಂಡಿಗೆ ಕೂಡಿಸಿ ತಂದು ಅಂಗಳಕ್ಕೆ ಬಿಟ್ಟರೆ ಬೀದಿಯ ಗಂಡು ಮತ್ತೆ ಕೂಡಬಹುದು. ಆಗ ಒಂದೇ ಸೂಲಿನಲ್ಲಿ ಎರಡು ತಂದೆಗಳ ಮರಿಗಳು ಹುಟ್ಟುತ್ತವೆ. ಆದುದರಿಂದ ರಕ್ತ ಕಂಡ ದಿನದಿಂದ ಪೂರ್ತಿ ಮೂರು ವಾರ, ಸ್ರಾವ ನಿಂತು ಊತ ಇಳಿಯುವವರೆಗೆ, ಬಾಗಿಲಿರುವ ಕೋಣೆಯಲ್ಲಿ ಇಡಬೇಕು. ಅಂಗಳದಲ್ಲಿ ಹಗ್ಗ ಕಟ್ಟಿದರೆ ಕಾವಲಾಗುವುದಿಲ್ಲ. ಗಂಡುಗಳಿಗೆ ಅನುಕೂಲವಾಗುತ್ತದೆ ಅಷ್ಟೆ.

ಗರ್ಭಿಣಿಯ ಆರೈಕೆ

ಗರ್ಭದ ಅವಧಿ ಸರಾಸರಿ 63 ದಿನ. ಕೂಡಿದ ದಿನಕ್ಕೂ ಫಲಿಸಿದ ದಿನಕ್ಕೂ ಅಂತರವಿರುವುದರಿಂದ ಎಣಿಕೆಯಲ್ಲಿ ಕೆಲವು ದಿನ ಹಿಂದು ಮುಂದಾಗುವುದು ಸಹಜ. ನವೆಂಬರ್ 1ರಂದು ಕೂಡಿಸಿದರೆ ಜನವರಿ 3ರ ಸುಮಾರಿಗೆ ಮರಿಗಳನ್ನು ನಿರೀಕ್ಷಿಸಬಹುದು. ನಾಲ್ಕನೆಯ ವಾರದ ನಂತರ ಪಶುವೈದ್ಯರು ಹೊಟ್ಟೆ ಮುಟ್ಟಿ ಅಥವಾ ಸ್ಕ್ಯಾನ್ ಮಾಡಿ ಗರ್ಭವನ್ನು ಖಚಿತಪಡಿಸುವರು. ಕೊನೆಯ ವಾರದ ಎಕ್ಸ್‌ರೇಯಿಂದ ಮರಿಗಳ ಸಂಖ್ಯೆ ತಿಳಿಯುತ್ತದೆ.

ಮೊದಲ ಐದಾರು ವಾರ ಎಂದಿನ ಆಹಾರ ಸಾಕು. ಕೊನೆಯ ಮೂರು ವಾರ ಆಹಾರವನ್ನು ಕ್ರಮೇಣ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಿಸಿ, ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಹೊತ್ತು ಕೊಡಬೇಕು. ಬರಿಯ ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆ ಈಗ ಸಾಲದು. ಬೇಯಿಸಿದ ಮೊಟ್ಟೆ, ಬೇಳೆ, ಹಾಲು, ಸಾಧ್ಯವಿದ್ದರೆ ಬೇಯಿಸಿದ ಮಾಂಸ ಸೇರಿಸಬೇಕು. ಬೇಯಿಸಿದ ಕೋಳಿಯ ಎಲುಬು ಗಂಟಲು ಕರುಳುಗಳನ್ನು ಸೀಳಬಹುದು. ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ಸುಣ್ಣದ ಮಾತ್ರೆ, ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನು ಗರ್ಭದ ಕಾಲದಲ್ಲಿ ತಾವಾಗಿಯೇ ಕೊಡಬಾರದು. ಹೊರಗಿನಿಂದ ಹೆಚ್ಚಾಗಿ ಬಂದರೆ ದೇಹವು ಎಲುಬಿನಿಂದ ಸುಣ್ಣ ಬಿಡಿಸಿಕೊಳ್ಳುವುದನ್ನು ಮರೆಯುತ್ತದೆ. ಹಾಲೂಡಿಸುವಾಗ ಅದೇ ತೊಂದರೆಯಾಗುತ್ತದೆ. ಯಾವುದೇ ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ಹಾಕಬಾರದು.

ಮರಿ ಹಾಕುವ ಹತ್ತು ದಿನ ಮೊದಲೇ ಗದ್ದಲವಿಲ್ಲದ, ಗಾಳಿ ಬೀಸದ ಮೂಲೆಯಲ್ಲಿ ನಾಲ್ಕು ಅಡಿ ಚೌಕದ ಜಾಗ ಮಾಡಬೇಕು. ಸುತ್ತ ಒಂದೂವರೆ ಅಡಿ ಎತ್ತರದ ಹಲಗೆ ಅಥವಾ ಇಟ್ಟಿಗೆ ಕಟ್ಟಿ, ಒಳಗೋಡೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಬಿದಿರಿನ ಗಳು ಕೂಡಿಸಿದರೆ ತಾಯಿ ಒರಗಿದಾಗ ಮರಿ ಗೋಡೆಗೆ ಸಿಕ್ಕಿ ಸಾಯುವುದಿಲ್ಲ. ಒಗೆದು ಒಣಗಿಸಿದ ಹಳೆಯ ಬಟ್ಟೆ ಹಾಸಿರಿ.

ಮರಿ ಹಾಕುವಾಗ

ನಾಯಿಯ ಸಹಜ ಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೊನೆಯ ವಾರ ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ, ಶಾಖ 99 ಡಿಗ್ರಿಗಿಂತ ಇಳಿದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ ಆರಂಭವಾಗುತ್ತದೆ. ನಾಯಿ ಮೇವು ಬಿಟ್ಟು, ಏದುಸಿರು ಬಿಡುತ್ತ, ನೆಲ ಕೆರೆಯುತ್ತದೆ. ಇದು 6ರಿಂದ 12 ತಾಸು ಇರುತ್ತದೆ. ನಂತರ ಬೇನೆ ಬಂದು ಅರ್ಧ ತಾಸು, ಒಂದು ತಾಸಿಗೊಂದರಂತೆ ಮರಿಗಳು ಬರುತ್ತವೆ. ತಾಯಿಯೇ ಪೊರೆ ಹರಿದು, ಹೊಕ್ಕುಳಬಳ್ಳಿ ಕಡಿದು, ನೆಕ್ಕುತ್ತದೆ. ಮಾಡದಿದ್ದರೆ ಮಾತ್ರ ನಾವು ಪೊರೆ ತೆಗೆದು, ಮೂಗು ಬಾಯಿ ಒರೆಸಿ, ಒಣ ಬಟ್ಟೆಯಿಂದ ಉಜ್ಜಬೇಕು. ಹೊಕ್ಕುಳನ್ನು ಹೊಟ್ಟೆಯಿಂದ ಒಂದು ಅಂಗುಲ ಬಿಟ್ಟು ದಾರದಿಂದ ಕಟ್ಟಿ, ಕತ್ತರಿಸಿ, ಅಯೋಡಿನ್ ಹಚ್ಚಬೇಕು.

ಕೆಳಗಿನ ಯಾವುದೇ ಲಕ್ಷಣ ಕಂಡರೂ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

1. ಜೋರಾಗಿ ತಿಣುಕುತ್ತಿದ್ದರೂ ಅರ್ಧ ತಾಸಿನಲ್ಲಿ ಮರಿ ಬಾರದಿರುವುದು.
2. ಒಳಗೆ ಮರಿ ಇದ್ದು ಎರಡು ತಾಸು ಕಳೆದರೂ ಮುಂದಿನ ಮರಿ ಬಾರದಿರುವುದು.
3. ಮೊದಲ ಮರಿಗೆ ಮುಂಚೆಯೇ ಕಡುಹಸಿರು ಸ್ರಾವ ಕಾಣುವುದು.
4. ದಿನ ತುಂಬಿದ್ದರೂ, ಶಾಖ ಇಳಿದು 24 ತಾಸು ಕಳೆದರೂ ಬೇನೆ ಬಾರದಿರುವುದು.

ಶಸ್ತ್ರಚಿಕಿತ್ಸೆ ಬೇಕಾದರೆ ಇದು ಬೇಟೆನಾಯಿ ತಳಿಯೆಂದು ವೈದ್ಯರಿಗೆ ತಿಳಿಸಿರಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳು ಒಗ್ಗುವುದಿಲ್ಲ.

ಮರಿ ಮತ್ತು ತಾಯಿ

ಹುಟ್ಟಿದ ಕೆಲವೇ ತಾಸುಗಳಲ್ಲಿ ಪ್ರತಿಯೊಂದು ಮರಿಯೂ ಗಿಣ್ಣುಹಾಲು ಕುಡಿಯಬೇಕು. ಮೊದಲ ದಿನ ಕಳೆದರೆ ಅದರಲ್ಲಿರುವ ರೋಗನಿರೋಧಕ ಅಂಶಗಳನ್ನು ಮರಿಯ ಕರುಳು ಹೀರಲಾರದು. ಎಳೆಮರಿಗೆ ತನ್ನ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಮೊದಲ ವಾರ ಅದು ಮಲಗುವ ಜಾಗ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿರಬೇಕು. ತಣ್ಣಗಾದ ಮರಿಗೆ ಹಾಲು ಕುಡಿಸಬಾರದು. ಮೊದಲು ಮೈ ಬೆಚ್ಚಗೆ ಮಾಡಿ ನಂತರ ಕುಡಿಸಬೇಕು. ತಾಯಿ ಸತ್ತರೆ ಬರಿಯ ಆಕಳ ಹಾಲು ಸಾಲದು. ನಾಯಿಯ ಹಾಲಿನಲ್ಲಿ ಸಸಾರಜನಕವೂ ಕೊಬ್ಬೂ ಆಕಳ ಹಾಲಿನ ಎರಡರಷ್ಟಿರುತ್ತದೆ. ಆಗ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ವೈದ್ಯರ ಸಲಹೆಯಂತೆ ಕೊಡಬೇಕು.

ದಿನವೂ ಒಂದೇ ಹೊತ್ತಿಗೆ ಮರಿಗಳನ್ನು ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಬಹು ಉಪಯುಕ್ತ. ಹತ್ತು ದಿನಗಳ ಸುಮಾರಿಗೆ ತೂಕ ಹುಟ್ಟಿದ ದಿನದ ಎರಡರಷ್ಟಾಗುತ್ತದೆ. ಯಾವುದಾದರೂ ಮರಿಯ ತೂಕ ಏರದಿದ್ದರೆ ರೋಗ ಕಣ್ಣಿಗೆ ಕಾಣುವ ಮೊದಲೇ ತಿಳಿದಂತಾಯಿತು. 10ರಿಂದ 14 ದಿನಗಳಲ್ಲಿ ಕಣ್ಣು ಬಿಡುತ್ತವೆ. ಎರಡನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಜಂತಿನ ಔಷಧಿ, ಮೂರು ನಾಲ್ಕನೆಯ ವಾರದಿಂದ ಮೆತ್ತಗಿನ ಆಹಾರ, ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಆಗಬೇಕು.

ಹಾಲೂಡಿಸುವ ತಾಯಿಗೆ ಎಂದಿನ ಎರಡು ಮೂರರಷ್ಟು ಆಹಾರ ಬೇಕು. ಮರಿ ಹಾಕಿದ ಎರಡರಿಂದ ನಾಲ್ಕು ವಾರಗಳಲ್ಲಿ ತಾಯಿ ನಡುಗಿ, ಕಾಲು ಸೆಟೆದು, ಮೈ ಸುಟ್ಟರೆ ಅದು ಸುಣ್ಣದ ಅಂಶ ಕುಸಿದ ಲಕ್ಷಣ. ಮರಿಗಳನ್ನು ಬೇರ್ಪಡಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಡವಾದರೆ ಸಾವು ನಿಶ್ಚಿತವೆನ್ನಬಹುದು.

ಮೂರನೆಯ ವಾರದಿಂದ ಮನೆಯವರು ಮರಿಗಳನ್ನು ದಿನವೂ ಎತ್ತಿ ಆಡಿಸಬೇಕು. ಮುಧೋಳ ನಾಯಿ ಅಪರಿಚಿತರಿಂದ ದೂರ ನಿಲ್ಲುವ ಸ್ವಭಾವದ್ದು. ಜನ, ಮಕ್ಕಳು, ದನ, ವಾಹನಗಳ ಸದ್ದು ಎಳೆತನದಲ್ಲಿಯೇ ಪರಿಚಯವಾಗದಿದ್ದರೆ ದೊಡ್ಡದಾದ ಮೇಲೆ ಹೆದರಿ ಕಚ್ಚುತ್ತದೆ. ಎಂಟು ವಾರ ತುಂಬುವ ಮೊದಲು ಮರಿಯನ್ನು ಕೊಡಬಾರದು.

ಮರಿ ಬೇಡವಾದಾಗ

ಸಂತಾನಕ್ಕೆ ಆರಿಸದ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಉತ್ತಮ. ಇದರಿಂದ ಬೇಡದ ಮರಿಗಳು ಬೀದಿಪಾಲಾಗುವುದು ತಪ್ಪುತ್ತದೆ. ಮೇಲಾಗಿ ಹೆಣ್ಣಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರುವುದಿಲ್ಲ. ವಯಸ್ಸಾದ ಹೆಣ್ಣು ಬೆದೆ ಕಳೆದ ಒಂದೆರಡು ತಿಂಗಳಲ್ಲಿ ಅತಿಯಾಗಿ ನೀರು ಕುಡಿದು, ಮಂಕಾಗಿ, ದುರ್ವಾಸನೆಯ ಸ್ರಾವ ಹಾಕಿದರೆ ಅದು ಈ ರೋಗವಿರಬಹುದು. ಸ್ರಾವವಿಲ್ಲದೆಯೂ ಬರಬಹುದು. ಇದಕ್ಕೆ ತುರ್ತು ಚಿಕಿತ್ಸೆ ಬೇಕು.

ತಪ್ಪು ನಂಬಿಕೆಗಳು

ಒಮ್ಮೆ ಬೀದಿನಾಯಿ ಕೂಡಿದರೆ ಹೆಣ್ಣು ಶಾಶ್ವತವಾಗಿ ಕೆಡುತ್ತದೆ ಎಂಬುದು ಸುಳ್ಳು. ಆ ಸೂಲಿನ ಮರಿಗಳು ಮಾತ್ರ ಮಿಶ್ರವಾಗುತ್ತವೆ. ಮುಂದಿನ ಸೂಲಿಗೆ ಸಂಬಂಧವಿಲ್ಲ. ಆರೋಗ್ಯಕ್ಕಾಗಿ ಹೆಣ್ಣು ಒಂದು ಸಲವಾದರೂ ಮರಿ ಹಾಕಬೇಕೆಂಬುದೂ ಸುಳ್ಳು. ಹೆಣ್ಣುಮರಿಗಳೇ ಹೆಚ್ಚು ಹುಟ್ಟಿದರೆ ತಾಯಿಯನ್ನು ದೂರುವುದು ಸರಿಯಲ್ಲ; ಮರಿ ಗಂಡೋ ಹೆಣ್ಣೋ ಎಂಬುದು ಗಂಡಿನ ಬೀಜಾಣುವಿನಿಂದ ನಿರ್ಧಾರವಾಗುತ್ತದೆ.

ದಾಖಲೆ ಪುಸ್ತಕ

ಮೇಲಿನದೆಲ್ಲ ಫಲಿಸಬೇಕಾದರೆ ಒಂದು ನೂರು ಪುಟದ ಪುಸ್ತಕ ಬೇಕು. ಪ್ರತಿ ನಾಯಿಗೆ ಒಂದು ಪುಟ. ಅದರಲ್ಲಿ ನಾಯಿಯ ಹೆಸರು, ಹುಟ್ಟಿದ ದಿನ, ಬಣ್ಣ ಮತ್ತು ಮಚ್ಚೆ, ತಂದೆ ತಾಯಿ, ಅಜ್ಜ ಅಜ್ಜಿ ಮತ್ತು ಅವುಗಳ ಊರು, ಬೆದೆಯ ದಿನಗಳು, ಕೂಡಿಸಿದ ದಿನ ಮತ್ತು ಗಂಡು, ಹುಟ್ಟಿದ ಹಾಗೂ ಉಳಿದ ಮರಿಗಳು, ಕಂಡ ದೋಷಗಳು, ಲಸಿಕೆಗಳು, ಮರಿಗಳು ಹೋದ ಮನೆಗಳು ಇವನ್ನು ಬರೆಯಬೇಕು. ಒಳ್ಳೆಯದನ್ನು ಬರೆದಂತೆ ದೋಷವನ್ನೂ ಬರೆಯಬೇಕು. ಸತ್ತ ಮರಿಯ ಲೆಕ್ಕ ಬಿಟ್ಟ ಪುಸ್ತಕ ಉಪಯೋಗಕ್ಕೆ ಬಾರದು.

ಒಂದು ಊರಿನ ಐದಾರು ಸಾಕಣೆದಾರರು ಕೂಡಿ ತಮ್ಮ ಪುಸ್ತಕಗಳನ್ನು ಹೋಲಿಸಿ ನೋಡಿದರೆ, ಯಾವ ಗಂಡು ಯಾವ ಹೆಣ್ಣಿಗೆ ಹತ್ತಿರದ ಸಂಬಂಧವೆಂಬುದು ಕುಳಿತಲ್ಲಿಯೇ ತಿಳಿಯುತ್ತದೆ. ಮೂರು ತಲೆಮಾರಿನಲ್ಲಿ ಒಂದೇ ಹೆಸರು ಎರಡೂ ಪುಟಗಳಲ್ಲಿ ಬಂದರೆ ಆ ಜೋಡಿಯನ್ನು ಬಿಡಿರಿ. ಮರಿ ಕೊಡುವಾಗ ಈ ಪುಟದ ನಕಲನ್ನೂ ಕೊಡಿರಿ. ಕೊಳ್ಳುವವನ ನಂಬಿಕೆ ಹೆಚ್ಚುತ್ತದೆ, ನಂಬಿಕೆಯಿದ್ದಲ್ಲಿ ಒಳ್ಳೆಯ ಬೆಲೆಯೂ ಬರುತ್ತದೆ.

ನೆನಪಿಡಬೇಕಾದ ಅಂಶಗಳು

1. ಹೆಣ್ಣಿಗೆ 18 ತಿಂಗಳು ತುಂಬಿರಲಿ. ವರ್ಷಕ್ಕೆ ಒಂದೇ ಸೂಲು, ಒಟ್ಟು ಐದಕ್ಕಿಂತ ಹೆಚ್ಚಿಲ್ಲ.
2. ಮೂರು ತಲೆಮಾರು ನೋಡಿ, ಸಂಬಂಧವಿಲ್ಲದ ಜೋಡಿ ಆರಿಸಿರಿ.
3. ಒಂದೇ ಗಂಡನ್ನು ಇಡೀ ಊರಿಗೆ ಬಳಸಬೇಡಿರಿ.
4. ಕೂಡಿಸುವ ಮೊದಲು ಎರಡೂ ನಾಯಿಗಳ ಆರೋಗ್ಯ ಪರೀಕ್ಷೆ ಮಾಡಿಸಿರಿ.
5. ಬೆದೆಯ ಮೂರು ವಾರವೂ ಹೆಣ್ಣನ್ನು ಮುಚ್ಚಿದ ಕೋಣೆಯಲ್ಲಿಡಿರಿ.
6. ಬೆಸೆದ ನಾಯಿಗಳನ್ನು ಎಳೆಯಬೇಡಿರಿ.
7. ಹೆರಿಗೆಯಲ್ಲಿ ತೊಂದರೆ ಕಂಡರೆ ಕಾಯದೆ ವೈದ್ಯರನ್ನು ಕರೆಸಿರಿ.
8. ಎಂಟು ವಾರಕ್ಕೆ ಮುಂಚೆ ಮರಿ ಕೊಡಬೇಡಿರಿ.
9. ಎಲ್ಲವನ್ನೂ ಬರೆದಿಡಿರಿ.

ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಆಸ್ಪತ್ರೆಯನ್ನು ಅಥವಾ ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ಸಂಪರ್ಕಿಸಬಹುದು.